ಬಾಲಮಂದಿರದ ಮಕ್ಕಳಿಗೆ ಮಾತಾಡುವ ಹಕ್ಕಿಲ್ಲವೇ?

"ಬಾಲಮಂದಿರದಲ್ಲಿ ಎಲ್ಲವೂ ಅಧಿಕಾರಿಗಳ ತೀರ್ಮಾನ, ಮಕ್ಕಳು ಬಾಯಿ ತೆರೆಯುವಂತಿಲ್ಲ, 18 ತುಂಬಿದ ದಿನವೇ ಬೀದಿಪಾಲು" ಎಂಬ ಮೆಸೇಜ್ ಓಡಾಡುತ್ತಿದೆ. ಕಾನೂನು ಹೇಳುವುದು ಬೇರೆಯೇ.

2015ರ ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ತನಗೆ ಸಂಬಂಧಿಸಿದ ಎಲ್ಲ ತೀರ್ಮಾನಗಳಲ್ಲೂ ಮಗುವಿನ ಮಾತು ಕೇಳಬೇಕು. ವಯಸ್ಸು, ತಿಳಿವಳಿಕೆ ನೋಡಿ ಅದಕ್ಕೆ ಬೆಲೆ ಕೊಡಬೇಕು. ಮಗು ಹೇಳಿದ್ದೆಲ್ಲ ನಡೆಯುತ್ತದೆ ಅಂತಲ್ಲ. ಆದರೆ ಕೇಳದೇ ಇರುವಂತಿಲ್ಲ. ಓದು, ಆರೋಗ್ಯ, ಮುಂದಿನ ದಾರಿಯ ಯೋಜನೆಯನ್ನೂ ಮಗುವಿನ ಜೊತೆ ಮಾತಾಡಿಯೇ ಮಾಡಬೇಕು.

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮಕ್ಕಳ ಸಮಿತಿ, ಅಂದರೆ ಬಾಲಮಂದಿರದ ಮಕ್ಕಳೇ ಸೇರಿ ತಮ್ಮ ಮಾತು ಹೇಳುವ ಗುಂಪು. ಇದೇ ಕಾಯ್ದೆಯಡಿ ಬಂದ 2016ರ ಮಾದರಿ ನಿಯಮಗಳು 6–10, 11–15, 16–18 ವಯಸ್ಸಿನವರಿಗೆ ಬೇರೆ ಬೇರೆ ಸಮಿತಿ ಇರಬೇಕು ಎನ್ನುತ್ತವೆ. ಏಳು ವರ್ಷದ ಮಗು ದೊಡ್ಡ ಹುಡುಗರ ಮುಂದೆ ಬಾಯಿಬಿಡುವುದು ಕಷ್ಟ ಅಲ್ವಾ? ಊಟ ಸರಿಯಿಲ್ಲ, ಯಾರೋ ಹೊಡೆದರು ಎಂದು ಬರೆದು ಹಾಕಲು ಸಲಹಾ ಪೆಟ್ಟಿಗೆಯೂ ಇರಬೇಕು. ಇದೆಲ್ಲ ಪ್ರತಿ ಕಡೆಯೂ ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹಕ್ಕೇ ಇಲ್ಲ ಎಂದು ನಂಬಿದ ಮಗು ಸಮಿತಿ ಎಲ್ಲಿದೆ ಎಂದು ಕೇಳುವುದೂ ಇಲ್ಲ.

ಇನ್ನು 18ರ ಮಾತು. ಹೊರಬಂದವರಿಗೆ ಹಣದ ನೆರವು ಕೊಡಲು 46ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಆಸರೆ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೂ ಸಿಗಬಹುದು. ತೊಂದರೆಯಾದರೆ ಇಂಥ ಮಕ್ಕಳ ವಿಷಯ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೇಳಿ, ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.