ಬಿಲಿಯನ್ ಅಂದರೆ ಎಷ್ಟು? ಯುರೋಪಿನಲ್ಲೇ ಒಮ್ಮತ ಇಲ್ಲ

"ಲಕ್ಷ, ಕೋಟಿ ಎಲ್ಲಾ ಬಿಟ್ಟುಬಿಡಿ, ಇಡೀ ಜಗತ್ತು ಮಿಲಿಯನ್, ಬಿಲಿಯನ್‌ನಲ್ಲಿ ಲೆಕ್ಕ ಹಾಕುತ್ತೆ, ಮಕ್ಕಳಿಗೂ ಅದನ್ನೇ ಕಲಿಸಿ" ಅನ್ನುವ ಮಾತನ್ನು ಆಗಾಗ ಕೇಳುತ್ತೇನೆ. ಚೆನ್ನಾಗಿ ಓದಿಕೊಂಡವರೇ ಇದನ್ನು ಜಾಸ್ತಿ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಭಾಷಾಭಿಮಾನದ ಮಾತು ಪಕ್ಕಕ್ಕಿಡೋಣ, ಬರೀ ಲೆಕ್ಕದ ದೃಷ್ಟಿಯಿಂದ ನೋಡಿದರೂ ಈ ವಾದ ನಿಲ್ಲುವುದಿಲ್ಲ.

ಇಂಗ್ಲಿಷಿನಲ್ಲಿ ಇವತ್ತು ಒಂದು ಬಿಲಿಯನ್ ಅಂದರೆ 100 ಕೋಟಿ. ಒಂದರ ಮುಂದೆ 9 ಸೊನ್ನೆ. ಅದೇ ಪದ ಜರ್ಮನ್ ಭಾಷೆಯಲ್ಲೂ ಇದೆ, ಬರೆಯುವ ಅಕ್ಷರಗಳೂ ಅವೇ, ಆದರೆ ಅಲ್ಲಿ ಅದರ ಬೆಲೆ ಒಂದು ಲಕ್ಷ ಕೋಟಿ, ಅಂದರೆ 12 ಸೊನ್ನೆ. ಸಾವಿರ ಪಟ್ಟು ವ್ಯತ್ಯಾಸ! ನಮ್ಮ 100 ಕೋಟಿಗೆ ಜರ್ಮನರು ಮಿಲಿಯಾರ್ಡೆ ಅನ್ನುತ್ತಾರೆ, ಫ್ರೆಂಚರು ಮಿಲಿಯಾರ್, ಇಟಲಿಯವರು ಮಿಲಿಯಾರ್ದೊ. ಸ್ಪೇನಿನವರು ಸುಮ್ನೆ "ಸಾವಿರ ಮಿಲಿಯನ್" ಅಂದುಬಿಡುತ್ತಾರೆ. ವೆನೆಜುವೆಲಾದ ಅಧ್ಯಕ್ಷರಾಗಿದ್ದ ರಫಾಯೆಲ್ ಕಾಲ್ದೆರಾ ಕೇಳಿಕೊಂಡ ಮೇಲೆ 1995ರಲ್ಲಿ ಸ್ಪ್ಯಾನಿಷ್ ಭಾಷೆಯ ಅಕಾಡೆಮಿ "ಮಿಯಾರ್ದೊ" ಅನ್ನುವ ಪದವನ್ನು ಒಪ್ಪಿತು, ಆದರೂ ಜನ ಹಳೆಯ ಅಭ್ಯಾಸ ಬಿಟ್ಟಿಲ್ಲ. ರಷ್ಯನ್ನರದು ಇನ್ನೊಂದು ದಾರಿ. 9 ಸೊನ್ನೆಗೆ ಮಿಲಿಯಾರ್ದ್, 12 ಸೊನ್ನೆಗೆ ನೇರವಾಗಿ ಟ್ರಿಲಿಯನ್. ಬಿಲಿಯನ್ ಅನ್ನುವ ಮೆಟ್ಟಿಲನ್ನೇ ಅವರು ಹೆಚ್ಚುಕಮ್ಮಿ ಹಾರಿಬಿಡುತ್ತಾರೆ.

ಪೋರ್ಚುಗೀಸ್ ಭಾಷೆಯ ಕಥೆ ಇನ್ನೂ ವಿಚಿತ್ರ. ಪೋರ್ಚುಗಲ್‌ನಲ್ಲಿ ಬಿಲಿಯನ್‌ಗೆ 12 ಸೊನ್ನೆ, ಬ್ರೆಜಿಲ್‌ನಲ್ಲಿ 9. ಒಂದೇ ಭಾಷೆ, ನಡುವೆ ಒಂದು ಸಾಗರ.

ಇದು ಹೀಗೇಕಾಯಿತು? ಮಿಲಿಯನ್ ಅನ್ನುವುದು ಇಟಾಲಿಯನ್ ಮೂಲದ ಪದ, "ದೊಡ್ಡ ಸಾವಿರ" ಅಂತ ಅರ್ಥ. 1484ರಲ್ಲಿ ಫ್ರಾನ್ಸಿನ ಲಿಯಾನ್ ಊರಿನಲ್ಲಿದ್ದ ನಿಕೊಲಾ ಶುಕೆ ಅನ್ನುವ ಗಣಿತಜ್ಞ ತನ್ನ ಹಸ್ತಪ್ರತಿಯಲ್ಲಿ ದೊಡ್ಡ ಸಂಖ್ಯೆಗಳನ್ನು ಆರಾರು ಅಂಕಿಗಳ ಗುಂಪು ಮಾಡಿ ಹೆಸರಿಟ್ಟ. "ಬಿ" ಅಂದರೆ ಎರಡು. ಮಿಲಿಯನ್ನನ್ನು ಮಿಲಿಯನ್‌ನಿಂದ ಗುಣಿಸಿದರೆ ಬಿಲಿಯನ್, ಇನ್ನೊಂದು ಸಲ ಗುಣಿಸಿದರೆ ಟ್ರಿಲಿಯನ್. ಎಷ್ಟು ಅಚ್ಚುಕಟ್ಟು ನೋಡಿ! ಹೆಸರಲ್ಲೇ ಲೆಕ್ಕ ಇದೆ. ಮುಂದೆ 17ನೇ ಶತಮಾನದಲ್ಲಿ ಫ್ರಾನ್ಸಿನಲ್ಲೇ ಕೆಲವರು ಮೂರು ಮೂರು ಅಂಕಿಗಳ ಗುಂಪು ಮಾಡಿ, ಸಾವಿರ ಮಿಲಿಯನ್‌ಗೇ ಬಿಲಿಯನ್ ಅನ್ನತೊಡಗಿದರು. "ಬಿ" ಅನ್ನುವುದಕ್ಕೆ ಇದ್ದ ಅರ್ಥ ಅಲ್ಲಿಗೆ ಹೋಯಿತು. ಅಮೆರಿಕ ಈ ಹೊಸ ಲೆಕ್ಕವನ್ನು ಹಿಡಿಯಿತು, ಬ್ರಿಟನ್ ಹಳೆಯದರಲ್ಲೇ ಉಳಿಯಿತು. ಆಮೇಲೆ ಫ್ರಾನ್ಸ್, ಬ್ರಿಟನ್ ಎರಡೂ ಒಂದಕ್ಕೊಂದು ಎದುರು ದಿಕ್ಕಿಗೆ ಹೊರಳಿದವು. ಫ್ರಾನ್ಸ್ ಸರ್ಕಾರ 1961ರಲ್ಲಿ 12 ಸೊನ್ನೆಯ ಬಿಲಿಯನ್ನೇ ಅಧಿಕೃತ ಅಂದಿತು. 1974ರ ಡಿಸೆಂಬರ್‌ನಲ್ಲಿ ಬ್ರಿಟನ್ ಪ್ರಧಾನಿ ಹೆರಾಲ್ಡ್ ವಿಲ್ಸನ್, ಇನ್ನು ಸರ್ಕಾರಿ ಅಂಕಿಅಂಶಗಳಲ್ಲಿ ಬಿಲಿಯನ್ ಅಂದರೆ 9 ಸೊನ್ನೆ ಅಂತ ಸಂಸತ್ತಿಗೆ ತಿಳಿಸಿದರು.

ಇದೆಲ್ಲಾ ಹಳೆಯ ಕಥೆ, ನಮಗೇಕೆ ಅನ್ನಬೇಡಿ. 1923ರ ಕೊನೆಯಲ್ಲಿ ಜರ್ಮನಿಯಲ್ಲಿ ಹಣದುಬ್ಬರ ಕೈಮೀರಿ ಹೋದಾಗ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಕೊಡಬೇಕಿತ್ತು. ಜರ್ಮನ್ ಲೆಕ್ಕದಲ್ಲಿ ಅದು 4.2 ಬಿಲಿಯನ್, ಆ ಕಾಲದ ಬ್ರಿಟಿಷ್ ಲೆಕ್ಕದಲ್ಲೂ ಬಿಲಿಯನ್ನೇ, ಅಮೆರಿಕದ ಲೆಕ್ಕದಲ್ಲಿ ಟ್ರಿಲಿಯನ್. ಇವತ್ತು ನಮ್ಮ ಗ್ರಂಥಾಲಯದಲ್ಲಿ ಕೂತು ಹಳೆಯ ಬ್ರಿಟಿಷ್ ಪುಸ್ತಕ ಓದುವ ವಿದ್ಯಾರ್ಥಿ ಅದನ್ನು 420 ಕೋಟಿ ಅಂತ ಬರೆದುಕೊಂಡರೆ ತಪ್ಪು ಯಾರದು? ಅಂಥ ಪುಸ್ತಕದಲ್ಲಿ ಬಿಲಿಯನ್ ಕಂಡರೆ ಮೊದಲು ಅಚ್ಚಾದ ವರ್ಷ ನೋಡಬೇಕು.

ಈಗಿನ ಸುದ್ದಿಯಲ್ಲೂ ಈ ಕಾಟ ಇದೆ. 2020ರಲ್ಲಿ ಕೊರೊನಾ ಹೊಡೆತದಿಂದ ಚೇತರಿಸಿಕೊಳ್ಳಲು ಯುರೋಪಿಯನ್ ಒಕ್ಕೂಟ 75,000 ಕೋಟಿ ಯೂರೋಗಳ ನಿಧಿಗೆ ಒಪ್ಪಿಗೆ ಕೊಟ್ಟಿತಲ್ಲ, ಅದು ಇಂಗ್ಲಿಷಿನಲ್ಲಿ 750 ಬಿಲಿಯನ್, ಜರ್ಮನ್‌ನಲ್ಲಿ 750 ಮಿಲಿಯಾರ್ಡೆನ್, ಸ್ಪ್ಯಾನಿಷ್‌ನಲ್ಲಿ 750.000 ಮಿಲಿಯನ್. ಸ್ಪೇನಿನ ಬರವಣಿಗೆಯಲ್ಲಿ ಆ ಚುಕ್ಕೆ ದಶಮಾಂಶದ್ದಲ್ಲ, ನಾವು ಅಲ್ಪವಿರಾಮ ಹಾಕುವ ಜಾಗದಲ್ಲಿ ಅವರು ಹಾಕುವುದು. ರಾತ್ರಿ ಪಾಳಿಯಲ್ಲಿ ಅವಸರದಿಂದ ಸುದ್ದಿ ತಿರುಗಿಸುವ ಉಪಸಂಪಾದಕರ ಕಣ್ಣಿಗೆ ಅದು 750 ಮಿಲಿಯನ್ ಅಂತ ಕಂಡರೆ ಆಶ್ಚರ್ಯ ಏನಿದೆ? ವಿಜ್ಞಾನಿಗಳಿಗೂ ಈ ಅಪಾಯ ಗೊತ್ತು. ಅಂತರರಾಷ್ಟ್ರೀಯ ಅಳತೆಗಳ ಕೈಪಿಡಿಯೇ "ಬಿಲಿಯನ್‌ನಲ್ಲಿ ಇಷ್ಟು ಭಾಗ" ಅನ್ನುವ ಬಳಕೆ ಬೇಡ ಅನ್ನುತ್ತದೆ. ಕಾರಣ ಇದೇ, ಭಾಷೆ ಬದಲಾದರೆ ಅರ್ಥ ಬದಲಾಗುತ್ತದೆ.

ಹಾಗಿರುವಾಗ ನಮ್ಮ ಲಕ್ಷ, ಕೋಟಿಯನ್ನು ಹಿಂದುಳಿದ ಲೆಕ್ಕ ಅನ್ನುವುದು ಅನ್ಯಾಯ ಅಲ್ವಾ? ಬೀದರ್‌ನಲ್ಲಿ ಕೇಳಿ, ಮಡಿಕೇರಿಯಲ್ಲಿ ಕೇಳಿ, ಕೋಟಿಗೆ 7 ಸೊನ್ನೆಯೇ. ಬಿಲಿಯನ್‌ಗೆ ಪತ್ರಿಕೆಗಳು ಬಳಸುವ ಶತಕೋಟಿ ನನಗೆ ತುಂಬಾ ಇಷ್ಟ, ಅದರ ಹೆಸರೇ ನೂರು ಕೋಟಿ ಅಂತ ಹೇಳಿಬಿಡುತ್ತದೆ. ಆದರೆ ಈಚೆಗೆ ಕನ್ನಡ ಸುದ್ದಿಗಳಲ್ಲಿ ಬಿಲಿಯನ್, ಟ್ರಿಲಿಯನ್ ಹಾಗೆ ಹಾಗೇ ಬಂದು ಕೂರುತ್ತಿವೆ. ಓದುವವರು ಕಣ್ಣಾಡಿಸಿ ಮುಂದೆ ಹೋಗುತ್ತಾರೆ, ಮೊತ್ತ ಎಷ್ಟು ದೊಡ್ಡದು ಅಂತ ಯಾರ ತಲೆಗೂ ಹೋಗುವುದಿಲ್ಲ. ಸರ್ಕಾರದ ಸಾಲ, ಕಂಪನಿಯ ನಷ್ಟ, ಯುದ್ಧದ ಖರ್ಚು ಇವೆಲ್ಲ ಜನಕ್ಕೆ ಅರ್ಥವಾಗಲೇಬೇಕಾದ ಮೊತ್ತಗಳು.

ಮಕ್ಕಳಿಗೆ ಮಿಲಿಯನ್, ಬಿಲಿಯನ್ ಕಲಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಕಲಿಸಿ, ಜೊತೆಗೆ ಅದು ಇಂಗ್ಲಿಷಿನ ಲೆಕ್ಕ ಅಂತಲೂ ಹೇಳಿ. ಜರ್ಮನಿಯಲ್ಲಿರುವ ಕನ್ನಡದ ಮನೆಗಳಲ್ಲಂತೂ ಇದು ದಿನದ ಮಾತು, ಅಲ್ಲಿನ ಶಾಲೆಯಲ್ಲಿ ಮಗು ಕಲಿಯುವುದು ಮಿಲಿಯಾರ್ಡೆ, ಇಂಗ್ಲಿಷ್ ವಿಡಿಯೊದಲ್ಲಿ ಕೇಳುವುದು ಬಿಲಿಯನ್, ಊರಿಗೆ ಫೋನ್ ಮಾಡಿದರೆ ಅಜ್ಜ ಹೇಳುವುದು ಕೋಟಿ. ಅಂಥ ಮಗುವಿಗೆ ಮೊದಲು ಸೊನ್ನೆ ಎಣಿಸುವುದನ್ನು ಕಲಿಸಿ.

ಅನುವಾದ ಮಾಡುವವರಲ್ಲಿ, ಪತ್ರಿಕೆಯ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟೇ. ಮೂಲ ಯಾವ ಭಾಷೆಯದು ಅಂತ ನೋಡಿ, ಮೊತ್ತವನ್ನು ಕೋಟಿಗೆ ಇಳಿಸಿ ಬರೆಯಿರಿ. ಯಂತ್ರ ಅನುವಾದಿಸಿ ಕೊಟ್ಟಿದ್ದರೆ ಮೂಲವನ್ನು ತೆರೆದು ಅಲ್ಲಿನ ಸೊನ್ನೆಗಳನ್ನು ಇನ್ನೊಂದು ಸಲ ಎಣಿಸಿ.