ಸತ್ಯಾಂಶ: ಕಾರಿನ ಶಾಕ್ (ಶಾಕ್ ಅಬ್ಸಾರ್ಬರ್) ಫುಲ್ ಟೈಟ್ ಮಾಡಿದರೆ ಗ್ರಿಪ್ ಬರುತ್ತದೆಯೇ?

"ಡ್ರ್ಯಾಗ್ ಕಾರಿನ ನಾಲ್ಕೂ ಶಾಕ್ ಫುಲ್ ಟೈಟ್ ಮಾಡಿ, ಟೈರ್ ಸ್ಪಿನ್ ಆಗೋದೇ ಇಲ್ಲ." ಹುಬ್ಬಳ್ಳಿ-ಧಾರವಾಡದ ಕಾರುಪ್ರಿಯರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಸುತ್ತುತ್ತಿರುವ ಸಂದೇಶವಿದು. (ಡ್ರ್ಯಾಗ್ ಎಂದರೆ ನಿಂತಲ್ಲಿಂದ ಹೊರಟು ನೇರ ಟ್ರ್ಯಾಕ್‌ನಲ್ಲಿ ಓಡುವ ಕಿರು ರೇಸ್.) ಇದು ತಪ್ಪು.

ಹೊರಡುವಾಗ ಕಾರಿನ ಭಾರ ಹಿಂದಕ್ಕೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದು ಪಿಕಪ್, ತೂಕ, ಭಾರಕೇಂದ್ರದ ಎತ್ತರ, ವೀಲ್‌ಬೇಸ್ (ಮುಂದಿನ-ಹಿಂದಿನ ಚಕ್ರಗಳ ನಡುವಿನ ಅಂತರ) ಮೇಲೆ ನಿಂತಿದೆ. ಶಾಕ್ ಮುಖ್ಯವಾಗಿ ಹಿಡಿತದಲ್ಲಿಡುವುದು ಆ ಭಾರ ಎಷ್ಟು ಬೇಗ ಟೈರಿಗೆ ತಲುಪುತ್ತದೆ ಎಂಬುದನ್ನು.

ಹಿಂದಿನ ಚಕ್ರ ಎಳೆಯುವ ಕಾರಿನಲ್ಲಿ ಮುಂದಿನ ಶಾಕ್ ಮೇಲೇಳುವಾಗ ಸ್ವಲ್ಪ ಸಡಿಲವಿರಬೇಕು. ಆಗ ಮೂತಿ ಎದ್ದು ಭಾರ ಬೇಗ ಹಿಂದೆ ಬರುತ್ತದೆ. ಹಿಂದಿನ ಶಾಕ್ ತೀರಾ ಗಟ್ಟಿಯಾದರೆ ಸಣ್ಣ ಉಬ್ಬಿಗೂ ಟೈರ್ ಜಿಗಿಯುತ್ತದೆ. ತೀರಾ ಸಡಿಲವಾದರೆ ಟೈರ್ ನೆಲಕ್ಕೆ ಒತ್ತಿ, ಮರುಕ್ಷಣ ಹಗುರಾಗಿ ಜಾರುತ್ತದೆ.

ನಮ್ಮಲ್ಲಿನ ಹೆಚ್ಚಿನ ಹ್ಯಾಚ್‌ಬ್ಯಾಕ್‌ಗಳು ಮುಂದಿನ ಚಕ್ರದವು, ಅಲ್ವಾ? ಅಲ್ಲಿ ಲೆಕ್ಕ ಉಲ್ಟಾ. ಮೂತಿ ಬೇಗ ಏಳದಂತೆ ಮುಂದೆ ಬಿಗಿ, ಹಿಂಭಾಗ ಕೂರದಂತೆ ಹಿಂದೆಯೂ ಬಿಗಿ. ಆ ವಾಟ್ಸಾಪ್ ಸಂದೇಶ ಹುಟ್ಟಿದ್ದು ಬಹುಶಃ ಇಲ್ಲಿಂದಲೇ.

ಮೊದಲು ಟೈರ್ ಗಾಳಿ ಸರಿಮಾಡಿ. ಆಮೇಲೆ ಒಂದು ಬಾರಿಗೆ ಶಾಕ್ ಬಿಗಿ-ಸಡಿಲ ಮಾಡುವ ಒಂದೇ ನಾಬ್, ಒಂದೆರಡು ಕ್ಲಿಕ್ ಮಾತ್ರ. ಎಳೆಯುವ ಟೈರಿನ ಸ್ಲೋ ಮೋಷನ್ ವಿಡಿಯೋ ತೆಗೆದು ನೋಡಿ. ಪರೀಕ್ಷೆ ಟ್ರ್ಯಾಕ್‌ನಲ್ಲಿ ಮಾತ್ರ, ಬೈಪಾಸ್‌ನಲ್ಲಿ ಖಂಡಿತ ಬೇಡ.