ಗೋಡೆಗೆ ಬಾಡಿಗೆ, ಚಿತ್ರಕ್ಕೆ ಶಾಲು

ನಾನು ಎಮ್ಮೆ ಬಿಡಿಸುತ್ತೇನೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರು ಬೇಡ. ಊರು ಗದಗದ ಹತ್ತಿರ. ಮನೆಯಲ್ಲಿ ಧಾರವಾಡಿ ಎಮ್ಮೆ ಇತ್ತು, ಅರ್ಧಚಂದ್ರದ ಹಾಗೆ ಹಿಂದಕ್ಕೆ ಬಾಗಿದ ಕೊಂಬಿನದು. ಧಾರವಾಡ ಪೇಡಾಕ್ಕೆ ಹೆಸರು ತಂದದ್ದು ಇದರ ಹಾಲೇ. ಚಿಕ್ಕಂದಿನಿಂದ ನೋಡಿದ್ದು ಅದನ್ನು, ಕೈಗೆ ಬರುವುದೂ ಅದೇ. ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದು, 2025ರ ಜನವರಿಯಿಂದ ಡಿಸೆಂಬರ್‌ವರೆಗೆ ಬರೀ ಚಿತ್ರ ಬಿಡಿಸಿಯೇ ಬದುಕುತ್ತೇನೆ ಅಂತ ಹಠ ಹಿಡಿದೆ. ಡಿಸೆಂಬರ್ ಮೂರನೇ ವಾರ ಲೆಕ್ಕದ ಪುಸ್ತಕ ತೆಗೆದು ಕೂತೆ. ನನ್ನ ಎಮ್ಮೆಗಳಿಂದ ದುಡ್ಡು ಕಂಡವರು ಯಾರ‍್ಯಾರು ಅಂದರೆ, ಫ್ರೇಮ್ ಹಾಕುವವರು, ಟೆಂಪೊದವರು, ಗ್ಯಾಲರಿಯವರು, ಫ್ಲೆಕ್ಸ್ ಅಂಗಡಿಯವರು, ಮೈಕ್‌ನವರು, ಹಾರ ಕಟ್ಟುವ ಅಜ್ಜಿ. ಪಟ್ಟಿಯಲ್ಲಿ ನನ್ನ ಹೆಸರು ಎಲ್ಲಿ ಅಂತ ಹುಡುಕಿದೆ. ಖರ್ಚಿನ ಕಡೆ ಸಿಕ್ಕಿತು.

(ಮನೆ ಬಾಡಿಗೆ ಹೇಗೆ ಕಟ್ಟಿದೆ ಅಂತ ಕೇಳಬೇಡಿ. ಅಪಾರ್ಟ್‌ಮೆಂಟ್ ಮಕ್ಕಳಿಗೆ ಶನಿವಾರ, ಭಾನುವಾರ ಡ್ರಾಯಿಂಗ್ ಕ್ಲಾಸ್. ಸೇಬು, ಸೂರ್ಯೋದಯ, ಎರಡು ಗುಡ್ಡದ ನಡುವೆ ಒಂದು ಮನೆ. ಅದನ್ನು ಕಲೆಯ ಲೆಕ್ಕಕ್ಕೆ ಸೇರಿಸಿಲ್ಲ.)

ವರ್ಷ ಶುರುವಾಗಿದ್ದು ಚಿತ್ರಸಂತೆಯಿಂದ, ಜನವರಿ 5, ಭಾನುವಾರ. 2003ರಿಂದ ನಡೆದುಬಂದ ಸಂತೆ ಇದು. ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆಯಲ್ಲಿ ಒಂದು ದಿನ ಗಾಡಿಗಳಿಲ್ಲ, ಎರಡೂ ಕಡೆ ಬರೀ ಚಿತ್ರಗಳು. ಸಂತೆಯನ್ನು ಬೈಯುವ ಧೈರ್ಯ ನನಗಿಲ್ಲ. ಕೋಟು ಹಾಕಿದವರೂ ಲುಂಗಿ ಉಟ್ಟವರೂ ಒಂದೇ ಚಿತ್ರದ ಮುಂದೆ ನಿಂತು ತಲೆ ಓರೆ ಮಾಡುವ ಜಾಗ ಈ ಊರಲ್ಲಿ ಬೇರೆ ಎಲ್ಲಿದೆ ಹೇಳಿ. ತಕರಾರು ಇದ್ದದ್ದು ಎಮ್ಮೆಯ ಮೇಲೆ.

‘ಚೆನ್ನಾಗಿದೆ. ಏಳು ಕುದುರೆ ಓಡ್ತಾ ಇರೋದು ಇಲ್ವಾ?’ ಅಂದರು ಒಬ್ಬರು ಮೇಡಂ. ಇಲ್ಲ ಅಂದೆ. ‘ಎಮ್ಮೆ ಯಮಂದು ಅಲ್ವಾ, ಹಾಲ್‌ನಲ್ಲಿ ಹೇಗ್ರೀ ಹಾಕೋದು?’ ಬೆಳಿಗ್ಗೆ ಇವರ ಮನೆಗೆ ಬರುವ ಪ್ಯಾಕೆಟ್‌ನಲ್ಲಿ ಎಮ್ಮೆಯದೂ ಪಾಲಿರಬಹುದು. ಆದರೂ ಸುಮ್ನೆ ನಿಂತೆ. ಹಾಲಿಗೆ ಎಮ್ಮೆ ಆಗುತ್ತದೆ, ಹಾಲ್‌ಗೆ ಆಗುವುದಿಲ್ಲ. ಸಂಜೆವರೆಗೆ ಏಳು ಕುದುರೆ ಕೇಳಿದವರನ್ನು ಎಣಿಸಿದೆ, ಹನ್ನೊಂದು ಜನ. ಲೆಕ್ಕ ಹಾಕಿದರೆ 77 ಕುದುರೆ, ಒಂದು ಸಣ್ಣ ದಂಡು. ಸಂಜೆ ಹಸಿವಾಗಿ ಚುರುಮುರಿ ತಗೊಂಡೆ. ಪೊಟ್ಟಣ ನೋಡಿದರೆ ನನ್ನದೇ ಬ್ರೋಷರ್! ಬಂದವರು ಒಂದೊಂದು ಎತ್ತಿಕೊಂಡು ಹೋಗಿ ಹತ್ತು ಹೆಜ್ಜೆ ಆಚೆ ಬಿಟ್ಟಿದ್ದನ್ನು ಅವನು ಜೋಡಿಸಿ ಇಟ್ಟುಕೊಂಡಿದ್ದ. ಆರ್ಟ್ ಪೇಪರು, ಎಣ್ಣೆ ಸೋರಲ್ಲ ಅಂತ ಹೊಗಳಿದ. ನನ್ನ ಚಿತ್ರ ನಿಜಕ್ಕೂ ಜನರ ಕೈ ಸೇರಿದ್ದು ಅವತ್ತು.

ಮಾರ್ಚ್‌ನಲ್ಲಿ ಕಾಕಾ ಊರಿಂದ ಫೋನ್ ಮಾಡಿದರು. ಎಂ.ಎಫ್. ಹುಸೇನ್ ಅವರು 1954ರಲ್ಲಿ ಬರೆದ ‘ಗ್ರಾಮ ಯಾತ್ರಾ’ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹೋಗಿತ್ತಲ್ಲ, ಆ ಸುದ್ದಿ ಟಿವಿಯಲ್ಲಿ ನೋಡಿದ್ದರು.

‘ಏ ತಮ್ಮಾ, ಒಂದು ಚಿತ್ರಕ್ಕ 118 ಕೋಟಿ ಅಂತಲ್ಲೋ! ನೀ ಅಲ್ಲಿ ಏನ್ ಮಾಡಾಕತ್ತಿ?’

‘ಕಾಕಾ, ಆ ಚಿತ್ರ ಎಷ್ಟೋ ವರ್ಷ ನಾರ್ವೆ ದೇಶದ ದವಾಖಾನಿ ಗ್ವಾಡಿ ಮ್ಯಾಲೆ ತೂಗ್ಯಾಡ್ತಿತ್ತು. ರೊಕ್ಕ ಅವರಿಗೆ ಹೋತು. ಹುಸೇನ್ ಅವರು ತೀರಿಕೊಂಡು 14 ವರ್ಷ ಆಗಾಕ ಬಂತು.’

ಕಾಕಾ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ‘ಹಂಗಾರ ನಿನಗ ಇನ್ನೂ ಟೈಮ್ ಐತಿ ಬಿಡು.’

ಅದೇ ತಿಂಗಳ ಕೊನೆಗೆ ಘಿಬ್ಲಿ ಹುಚ್ಚು ಬಂತು, ಫೋಟೊ ಕೊಟ್ಟರೆ ಎಐ ಅದನ್ನು ಜಪಾನಿ ಕಾರ್ಟೂನ್ ಥರ ಮಾಡಿಕೊಡುವುದು. ಕಾಕಾ ತಮ್ಮದೂ ತಮ್ಮ ಎತ್ತಿನದೂ ಫೋಟೊ ಕೊಟ್ಟು ಕಾರ್ಟೂನ್ ಮಾಡಿಸಿಕೊಂಡು ನನಗೇ ಕಳಿಸಿದರು. ಕೆಳಗೆ, ‘ಒಂದ ಮಿನಿಟಿಗೆ ಬಂತು. ನಿನಗ ಎಷ್ಟ ದಿನ ಹಿಡೀತಿತ್ತು?’ ಎತ್ತಿಗೆ ದೊಡ್ಡ ದೊಡ್ಡ ಕಣ್ಣು, ಕಾಕಾನಿಗೆ ಇಲ್ಲದ ಕೂದಲು. ಕಾಕಾ ಈಗಲೂ ಅದನ್ನೇ ಡಿಪಿ ಇಟ್ಟುಕೊಂಡಿದ್ದಾರೆ.

ಮೇ ತಿಂಗಳಲ್ಲಿ ಐದು ಜನ ಸೇರಿ ಪ್ರದರ್ಶನ ಮಾಡಿದೆವು. ಗ್ಯಾಲರಿಯ ಹೆಸರು ಬೇಡ. ದಿನಕ್ಕೆ ಇಷ್ಟು ಅಂತ ಬಾಡಿಗೆ, ಗೋಡೆಗೆ ಡೆಪಾಸಿಟ್ ಬೇರೆ. ಮೊಳೆ ಹೊಡೆಯುವ ಹಾಗಿಲ್ಲ, ಟೇಪ್ ಅಂಟಿಸುವ ಹಾಗಿಲ್ಲ. ಆ ಗೋಡೆಯನ್ನು ನೋಡಿಕೊಂಡ ಹಾಗೆ ನನ್ನನ್ನು ನಮ್ಮ ಅವ್ವನೂ ನೋಡಿಕೊಂಡಿಲ್ಲ. ಉದ್ಘಾಟನೆ ಜವಾಬ್ದಾರಿ ಒಂದು ಸಂಘದವರು ವಹಿಸಿಕೊಂಡರು. ಖರ್ಚು ನಮ್ಮದು, ಪ್ರಚಾರ ಅವರದು ಅಂತ ಮಾತಾಯಿತು.

ಅವರು ತಂದ ಫ್ಲೆಕ್ಸ್ ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ. ಮೇಲೆ ‘ಚಿತ್ರಕಲಾ ಪ್ರದರ್ಶನ’ ಅಂತ ಬರೆದಿತ್ತು, ಕೆಳಗೆ ಒಂಬತ್ತು ಗಣ್ಯರ ಮುಖ, ಒಂದೂ ಚಿತ್ರ ಇಲ್ಲ. ಕಲಾವಿದರಲ್ಲಿ ಮೂವರ ಹೆಸರಿತ್ತು, ಉಳಿದ ನಾವಿಬ್ಬರು ‘ಮತ್ತು ಇತರರು’. ಅದನ್ನು ವೇದಿಕೆ ಹಿಂದೆ ಕಟ್ಟಬೇಕು. ವೇದಿಕೆ ಹಿಂದಿನ ಗೋಡೆಯಲ್ಲಿ ಏನಿತ್ತು ಅಂದರೆ ನನ್ನ ಮೂರು ಎಮ್ಮೆ. ಎರಡು ಪೂರ್ತಿ ಮುಚ್ಚಿಹೋದವು. ಮೂರನೆಯದರ ಮೂತಿ ಮತ್ತು ಒಂದು ಕೊಂಬು ಮಾತ್ರ ಫ್ಲೆಕ್ಸ್ ಅಂಚಿನಿಂದ ಇಣುಕುತ್ತಿತ್ತು, ಸರಿಯಾಗಿ ಮುಖ್ಯ ಅತಿಥಿಗಳ ಕುರ್ಚಿಯ ಹಿಂದೆ. ಫೋಟೊಗ್ರಾಫರ್ ಕ್ಯಾಮೆರಾ ಕೆಳಗಿಳಿಸಿ ನನ್ನ ಕಿವಿಯಲ್ಲಿ ಹೇಳಿದ. ‘ಸರ್, ಆ ಎಮ್ಮೆ ತೆಗೆದುಬಿಡಿ. ಸಾಹೇಬರ ಬೆನ್ನ ಹಿಂದೆ ಎಮ್ಮೆ, ಅಪಶಕುನ. ಪೇಪರ್‌ನಲ್ಲಿ ಬಂದ್ರೆ ನನ್ನ ಕೆಲಸ ಹೋಗುತ್ತೆ.’ ತೆಗೆದೆ. ಚಿತ್ರಕಲಾ ಪ್ರದರ್ಶನದ ಉದ್ಘಾಟನೆಗೋಸ್ಕರ ಚಿತ್ರವನ್ನು ಗೋಡೆಯಿಂದ ಇಳಿಸಿ, ಟಾಯ್ಲೆಟ್ ಪಕ್ಕದ ಕಾರಿಡಾರ್‌ನಲ್ಲಿ ಮುಖ ಗೋಡೆಗೆ ಮಾಡಿ ಇಟ್ಟು ಬಂದೆ.

ಸಾಹೇಬರು ಎರಡು ಗಂಟೆ ತಡವಾಗಿ ಬಂದರು. ದೀಪ ಹಚ್ಚಿದರು. ಫ್ಯಾನ್ ಗಾಳಿಗೆ ಆರಿತು, ಮತ್ತೆ ಹಚ್ಚಿದರು. ‘ಈ ಕಲೆ ಬಗ್ಗೆ ನನಗೆ ಏನೂ ಗೊತ್ತಿಲ್ಲ’ ಅಂತ ಮಾತು ಶುರು ಮಾಡಿದರು. ವಿನಯ ಅಂದುಕೊಂಡೆ, ಮುಂದಿನ ನಲವತ್ತು ನಿಮಿಷ ಅದಕ್ಕೆ ಪುರಾವೆ ಕೊಟ್ಟರು. ಆಮೇಲೆ ಸನ್ಮಾನ. ವೇದಿಕೆ ಮೇಲಿದ್ದ ಒಂಬತ್ತೂ ಜನರಿಗೆ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಕಾಣಿಕೆ ಏನು ಗೊತ್ತಾ? ಫ್ರೇಮ್ ಹಾಕಿದ ಏಳು ಕುದುರೆಯ ಪ್ರಿಂಟ್. ಅಂಗಡಿಯಿಂದ ತಂದದ್ದು, ಒಂದಕ್ಕೆ 650 ರೂಪಾಯಿ, ಬಿಲ್ ನಮ್ಮ ಐವರ ತಲೆಗೆ. ಅವತ್ತು ಆ ಗ್ಯಾಲರಿಯಿಂದ ಒಂಬತ್ತು ಚಿತ್ರಗಳು ಹೊರಗೆ ಹೋದವು, ಒಂದೂ ನಮ್ಮದಲ್ಲ. ಉಳಿದ ಒಂದು ಶಾಲನ್ನು ನನಗೆ ಹೊದಿಸಿದರು. ಈಗ ಅದರಲ್ಲಿ ಬ್ರಷ್ ಒರೆಸುತ್ತೇನೆ. ಪಾಲಿಯೆಸ್ಟರು, ಬಣ್ಣ ಹೀರಲ್ಲ.

ಜೂನ್‌ನಲ್ಲಿ ಒಂದು ಕಾಫಿ ಶಾಪ್‌ನವರು ಕರೆದು ಗೋಡೆ ಕೊಟ್ಟರು. ದುಡ್ಡಿಲ್ಲ, ಎಕ್ಸ್‌ಪೋಷರ್ ಸಿಗುತ್ತೆ ಅಂದರು. ಸಿಕ್ಕಿತು. ಪಶ್ಚಿಮದ ಗಾಜಿನ ಎದುರು ನೇತುಹಾಕಿದ್ದರು, ಮೂರು ತಿಂಗಳು ಸಂಜೆ ಬಿಸಿಲಿಗೆ ಬಿದ್ದು ನನ್ನ ಕರಿ ಎಮ್ಮೆ ಕಂದು ಆಕಳಾಗಿ ವಾಪಸ್ ಬಂತು.

ಜುಲೈನಲ್ಲಿ ಒಂದು ಪ್ರಶಸ್ತಿಗೆ ಅರ್ಜಿ ಹಾಕಿದೆ. ಮೂರು ಪ್ರತಿ, ಜತೆಗೆ ಕಲಾವಿದ ಹೌದು ಅನ್ನುವುದಕ್ಕೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ಬೆಂಗಳೂರಿನಲ್ಲಿ ಯಾವ ಅಧಿಕಾರಿ ನನ್ನನ್ನು ನಂಬಬೇಕು? ಊರಿಗೆ ಹೋದೆ. ನಮ್ಮ ಕಡೆ ಗೆಜೆಟೆಡ್ ಸಹಿ ಅಂದರೆ ದನದ ಡಾಕ್ಟರು. ಹಸಿರು ಇಂಕಿನ ಪೆನ್ನು ತೆಗೆದವರು ಅಲ್ಲೇ ನಿಲ್ಲಿಸಿ ಒರಿಜಿನಲ್ ತೋರಿಸಿ ಅಂದರು. ಅವರು ಕೇಳಿದ್ದು ಮಾರ್ಕ್ಸ್ ಕಾರ್ಡ್. ನಾನು ಗಾಬರಿಯಲ್ಲಿ ಕ್ಯಾನ್ವಾಸ್ ಬಿಚ್ಚಿದೆ. ಡಾಕ್ಟರು ಕನ್ನಡಕ ಹಾಕಿಕೊಂಡು, ಹತ್ತಿರ ಬಂದು, ಪೂರ್ತಿ ಐದು ನಿಮಿಷ ನೋಡಿದರು. ನನ್ನ ಚಿತ್ರವನ್ನು ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ. ಕೊನೆಗೆ ಪೆನ್ನಿನ ತುದಿಯಿಂದ ತೋರಿಸಿದರು. ‘ಕೊಂಬು ಭಾಳ ಚಂದ ಬಂದಾವ. ಕೆಚ್ಚಲು ಸರಿ ಇಲ್ಲ. ಹಿಂದಿನ ಮೊಲೆ ಮುಂದಿನವಕ್ಕಿಂತ ಉದ್ದ ಇರ್ತಾವ ಎಮ್ಮಿಗೆ. ಮನ್ಯಾಗ ಹಾಲು ಹಿಂಡಿಲ್ಲೇನು?’ ಆಮೇಲೆ ಸಹಿ ಮಾಡಿ ಸೀಲ್ ಒತ್ತಿದರು. ಪ್ರಶಸ್ತಿ ಬರಲಿಲ್ಲ. ಆದರೆ ಇಡೀ ವರ್ಷದಲ್ಲಿ ನನಗೆ ಸಿಕ್ಕ ವಿಮರ್ಶೆ ಅದೊಂದೇ, ನೂರಕ್ಕೆ ನೂರು ಸರಿ. ಕೆಚ್ಚಲು ತಿದ್ದಿದೆ.

ಸೆಪ್ಟೆಂಬರ್ 22ರಿಂದ ಚಿತ್ರಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಮಾರಾಟವೇ ಆಗದ ಎಮ್ಮೆ ಮೇಲೆ ಏಳು ಪರ್ಸೆಂಟ್ ಉಳಿಸಿದ ಖುಷಿ ನನ್ನದು.

ಇನ್ನು ದೊಡ್ಡ ಗೋಡೆಯ ಕತೆ. ಆಗಸ್ಟ್‌ನಲ್ಲೇ ಆದದ್ದು, ನೆನೆದರೆ ಹೊಟ್ಟೆ ಉರಿಯುತ್ತದೆ ಅಂತ ಕೊನೆಗೆ ಇಟ್ಟುಕೊಂಡೆ. ಒಬ್ಬ ಕಂಟ್ರಾಕ್ಟರ್ ಫೋನ್ ಮಾಡಿದರು. ಯಾವುದೋ ಇಲಾಖೆಯ ಕಾಂಪೌಂಡ್, ಅರವತ್ತಡಿ ಉದ್ದ, ಆರಡಿ ಎತ್ತರ, ಕರ್ನಾಟಕದ ಸಂಸ್ಕೃತಿ ಬರಬೇಕು. ಹೋಗಿ ಕಂಡು, ಏನು ಬರೆಯಲಿ ಅಂದೆ. ಜೇಬಿನಿಂದ 50ರ ನೋಟು ತೆಗೆದು ಹಿಂದುಗಡೆ ತಿರುಗಿಸಿ ಹಿಡಿದರು. ಹಂಪಿಯ ಕಲ್ಲಿನ ರಥ. ‘ಇದೇ ಥರ, ದೊಡ್ಡದಾಗಿ, ನಾಲ್ಕು.’ ನಾನು ಫೋನ್‌ನಲ್ಲಿ ನೋಟಿನ ಫೋಟೊ ತೆಗೆದುಕೊಂಡೆ. ನೋಟು ವಾಪಸ್ ಜೇಬಿಗೆ ಹೋಯಿತು. ಆ ಕೆಲಸದಲ್ಲಿ ನಾನು ಕಂಡ ದುಡ್ಡು ಅಷ್ಟೇ.

ಜತೆಗೆ ಒಬ್ಬರು ಹಿರಿಯರು ಬಂದರು. ಗಾಂಧಿನಗರದ ಥಿಯೇಟರ್‌ಗಳಿಗೆ ಕಟೌಟ್, ಬ್ಯಾನರ್ ಬರೆದ ಕೈ. ಫ್ಲೆಕ್ಸ್ ಬಂದು ಕೆಲಸ ಹೋಯಿತು. 2009ರಲ್ಲಿ ನಗರದ ಗೋಡೆಗಳ ಮೇಲೆ ಅರಮನೆ, ಹಂಪಿ, ಜೋಗ ಎಲ್ಲ ಬರೆಯಲು ಸಿನಿಮಾ ಬ್ಯಾನರ್‌ನವರನ್ನು ಕರೆದಾಗ ಮತ್ತೆ ಬ್ರಷ್ ಹಿಡಿದವರು. ರಥದ ಚಕ್ರ ಹೇಗೆ ಬರೆಯುತ್ತಾರೆ ನೋಡಬೇಕಿತ್ತು ನೀವು. ಮೊಳೆಗೆ ದಾರ, ದಾರದ ತುದಿಗೆ ಚಾಕ್‌ಪೀಸ್, ಉಸಿರು ಬಿಗಿಹಿಡಿದು ಒಂದೇ ಸುತ್ತು. ಅಳೆದರೆ ಕೂದಲೆಳೆ ವ್ಯತ್ಯಾಸ ಇಲ್ಲ. ‘ಮುಂಗಡ ಇಸ್ಕೊಳ್ದೆ ಬ್ರಷ್ ಅದ್ದಬಾರ್ದು ಕಣಪ್ಪ’ ಅಂತ ಮೊದಲ ದಿನವೇ ಹೇಳಿದರು. ನಾನು ಕೇಳಲಿಲ್ಲ.

ಆ ಗೋಡೆಗೆ ಸಂಸ್ಕೃತಿ ಯಾಕೆ ಬೇಕಾಗಿತ್ತು ಅನ್ನುವುದು ಮೂಗಿಗೆ ಮೊದಲ ದಿನವೇ ಗೊತ್ತಾಯಿತು. ನಾವು ಈ ತುದಿಯಲ್ಲಿ ಬರೆಯುತ್ತಿದ್ದರೆ ಆ ತುದಿಯಲ್ಲಿ ಜನ ಬೆನ್ನು ಹಾಕಿ ನಿಂತಿರುತ್ತಿದ್ದರು. ಅವರಲ್ಲೇ ಒಬ್ಬರು ಪ್ಯಾಂಟು ಸರಿಮಾಡಿಕೊಳ್ಳುತ್ತಾ ಬಂದು ಕೇಳಿದರು, ‘ರಥಕ್ಕೆ ಕುದುರೆ ಅಲ್ವಾ ಇರಬೇಕು, ಆನೆ ಯಾಕೆ?’ ಒಳ್ಳೆ ಪ್ರಶ್ನೆ ಅದು. ಅಲ್ಲಿ ಮೊದಲು ಕುದುರೆಗಳೇ ಇದ್ದವು, ಆನೆಗಳನ್ನು ಆಮೇಲೆ ತಂದು ನಿಲ್ಲಿಸಿದ್ದು, ಹಿಂದೆ ಕುದುರೆಯ ಕಾಲು, ಬಾಲದ ಗುರುತು ಈಗಲೂ ಇದೆ ಅಂತ ವಿವರಿಸಿದೆ. ಗಮನ ಇಟ್ಟು ಕೇಳಿದರು. ‘ದೇವರ ಟೈಲ್ಸ್ ಹಾಕಿಸಿ ಸರ್, ರಥಕ್ಕೆ ಯಾರೂ ಹೆದರಲ್ಲ’ ಅಂತ ಸಲಹೆ ಕೊಟ್ಟು ಹೋದರು. ಮರುದಿನ ಅದೇ ಹೊತ್ತಿಗೆ ಅದೇ ಜಾಗಕ್ಕೆ ಬಂದರು.

ಹತ್ತು ದಿನಕ್ಕೆ ನಾಲ್ಕು ರಥ ಮುಗಿದವು. ಹನ್ನೊಂದನೇ ದಿನ ಮೊದಲ ರಥದ ಮೇಲೆ ಒಬ್ಬ ಯುವನಾಯಕರ ಹುಟ್ಟುಹಬ್ಬದ ಪೋಸ್ಟರ್. ಎರಡನೆಯದರ ಚಕ್ರಕ್ಕೆ ಮೂಲವ್ಯಾಧಿ ಚಿಕಿತ್ಸೆ, ಆನೆಯ ಮುಖಕ್ಕೆ ಪಿಜಿ ಖಾಲಿ ಇದೆ. ಉಳಿದೆರಡು ರಥ ಚೆನ್ನಾಗಿದ್ದವು ಅನ್ನುವಷ್ಟರಲ್ಲಿ ಕೇಬಲ್‌ಗೆ ಅಗೆಯುವವರು ಬಂದು ಗೋಡೆ ಸಮೇತ ಕೆಡವಿದರು. ಬಿಲ್ ಕೇಳಿದರೆ ಕಂಟ್ರಾಕ್ಟರ್, ‘ಪಾಲಿಕೆ ಈಗ ಐದಾಗಿದೆಯಲ್ಲ ಸರ್, ಫೈಲ್ ಎಲ್ಲಿದೆಯೋ ಗೊತ್ತಿಲ್ಲ’ ಅಂದರು. ಆ ಗೋಡೆಗೂ ಪಾಲಿಕೆಗೂ ಸಂಬಂಧವೇ ಇರಲಿಲ್ಲ. ಜತೆಗೆ, ‘ಗೋಡೆನೇ ಇಲ್ಲ, ಏನಂತ ಅಳತೆ ಬರೀಲಿ?’ ಅಂತಲೂ ಕೇಳಿದರು.

ಮೊನ್ನೆ ಕ್ರಿಸ್‌ಮಸ್ ಮರುದಿನ ಅವರದೇ ಫೋನ್. ಗೋಡೆ ಹೊಸದಾಗಿ ಕಟ್ಟಿದ್ದೇವೆ, ಅದೇ ನಾಲ್ಕು ರಥ, ಹಳೆ ಬಿಲ್ ಹೊಸ ಬಿಲ್ ಎರಡೂ ಒಟ್ಟಿಗೆ ಮಾಡೋಣ. ಹಿರಿಯರನ್ನು ಕರೆದುಕೊಂಡು ಹೋದೆ. ಗೋಡೆಗೆ ಸುಣ್ಣ ಇನ್ನೂ ಹಸಿ ಇತ್ತು, ಮೂಲೆಯಲ್ಲಿ ಮಾತ್ರ ಆಗಲೇ ಒದ್ದೆಯಾಗಿತ್ತು. ಕಂಟ್ರಾಕ್ಟರ್ ಎಂದಿನಂತೆ 50ರ ನೋಟು ತೆಗೆದು ಹಿಂದುಗಡೆ ತಿರುಗಿಸಿದರು. ಹಿರಿಯರು ಕೈ ಚಾಚಿ ಇಸ್ಕೊಂಡರು. ಕಣ್ಣಿನ ಹತ್ತಿರ ತಂದು ರಥ ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ನಾಲ್ಕು ಮಡಿಕೆ ಮಾಡಿ ತಮ್ಮ ಜೇಬಿಗೆ ಇಟ್ಟುಕೊಂಡರು.

‘ಮುಂಗಡ ಬಂತು. ಬಾರಪ್ಪ, ಟೀ ಕುಡಿದು ಬರೋಣ.’

ಎರಡು ಟೀಗೆ 30 ಆಯಿತು. ಉಳಿದ 20ರಲ್ಲಿ ನನ್ನ ಪಾಲು ಅಂತ ಹತ್ತು ರೂಪಾಯಿ ಕೊಟ್ಟರು. ರಾತ್ರಿ ಮನೆಗೆ ಬಂದು ಲೆಕ್ಕದ ಪುಸ್ತಕ ತೆಗೆದು ಆದಾಯದ ಕಡೆ ಬರೆದೆ.